ದೀಪ ಆರಿತು, ದೋಷ ಹೋಯಿತೇ?

ಧಮ್ಮ ಬಂಧುಗಳಿಗೆ ಇಂದಿನ ಚಿಂತನೆ.

ದುಃಖ ಹೇಳಿಕೊಂಡವರ ಬಾಯಿ ಮುಚ್ಚಿಸಿದರೆ ದುಃಖ ಹೋಗುತ್ತದೆಯೇ? ಇಲ್ಲ ಎಂದು ಎಲ್ಲರೂ ಹೇಳುತ್ತೇವೆ. ಆದರೆ ಮನೆಯಲ್ಲಿ, ಊರಿನಲ್ಲಿ, ಸಂಘಟನೆಯಲ್ಲಿ ಯಾರಾದರೂ ದನಿ ಎತ್ತಿದರೆ ಮೊದಲು ಆ ದನಿ ಅಡಗಲಿ ಎಂದೇ ಅನ್ನಿಸುತ್ತದೆ. ಈ ಪ್ರಶ್ನೆಯನ್ನು ನನ್ನ ಕಸುಬಿನ ಮೂಲಕ ನಿಮ್ಮ ಮುಂದಿಡುತ್ತೇನೆ. ಹಳೆಯ ಕಾರುಗಳ ರಿಪೇರಿಯೇ ನನ್ನ ಹೊಟ್ಟೆಪಾಡು.

ಕಾರಿನ ಮೀಟರ್ ಬೋರ್ಡಿನಲ್ಲಿ ಇಂಜಿನ್ ಆಕಾರದ ಒಂದು ಹಳದಿ ದೀಪ ಇರುತ್ತದೆ. ಚೆಕ್ ಇಂಜಿನ್ ಲೈಟು ಎನ್ನುತ್ತೇವೆ. ನಮ್ಮ ದೇಶದಲ್ಲಿ 2013ರಿಂದ ಕಾರುಗಳಿಗೆ ಒಬಿಡಿ-2 ಎಂಬ ತಪಾಸಣಾ ವ್ಯವಸ್ಥೆ ಬಂತು. ಹಾಗಾಗಿ ಹತ್ತು ಹನ್ನೆರಡು ವರ್ಷ ಓಡಿದ ಕಾರಿನಲ್ಲೂ ಸ್ಟೇರಿಂಗಿನ ಕೆಳಗೆ 16 ಪಿನ್ನಿನ ಸಾಕೆಟ್ ಇರುತ್ತದೆ. ಇಂಜಿನ್ನಿನಲ್ಲಿ ಏನಾದರೂ ಲೆಕ್ಕ ತಪ್ಪಿದರೆ ಒಳಗಿನ ಕಂಪ್ಯೂಟರ್ ದೀಪ ಹತ್ತಿಸುತ್ತದೆ. ಒಂದು ಕೋಡ್ ಬರೆದಿಡುತ್ತದೆ. ಆ ಗಳಿಗೆಯಲ್ಲಿ ಇಂಜಿನ್ ಎಷ್ಟು ಬಿಸಿ ಇತ್ತು, ಗಾಡಿ ಎಷ್ಟು ವೇಗದಲ್ಲಿತ್ತು ಎಂಬುದನ್ನೂ ದಾಖಲಿಸುತ್ತದೆ.

ಕಾರು ತಂದವರಲ್ಲಿ ಬಹಳ ಮಂದಿ ಕೇಳುವುದು ಒಂದೇ ಮಾತು: "ಅಣ್ಣಾ, ಆ ಲೈಟೊಂದು ಆಫ್ ಮಾಡಿಕೊಡಿ." ಸ್ಕ್ಯಾನರ್ ಹಾಕಿ ಕೋಡ್ ಅಳಿಸಿದರೆ ಒಂದು ನಿಮಿಷದಲ್ಲಿ ದೀಪ ಆರುತ್ತದೆ. ಆದರೆ ಕೋಡಿನ ಜೊತೆಗೆ ಆ ದಾಖಲೆಯೂ ಅಳಿಸಿಹೋಗುತ್ತದೆ. ದೋಷ ಮಾತ್ರ ಇದ್ದಲ್ಲೇ ಇರುತ್ತದೆ. ನಾಲ್ಕು ದಿನ ಓಡಿಸಿದ ಮೇಲೆ ದೀಪ ಮತ್ತೆ ಹತ್ತುತ್ತದೆ.

ಕಾರು ಮಾರುವವರಲ್ಲಿ ಕೆಲವರು ಇನ್ನೂ ಒಂದು ಹೆಜ್ಜೆ ಮುಂದೆ. ದೀಪದ ಸಂಪರ್ಕವನ್ನೇ ತೆಗೆದುಬಿಡುತ್ತಾರೆ. ಅದಕ್ಕೇ ಹಳೆಯ ಕಾರು ನೋಡುವಾಗ ನಾನು ಇಂಜಿನ್ ಸ್ಟಾರ್ಟ್ ಮಾಡದೆ ಬರೀ ಕೀ ಆನ್ ಮಾಡಿ ನೋಡುತ್ತೇನೆ. ಆಗ ದೀಪ ಹತ್ತಲೇಬೇಕು; ಸ್ಟಾರ್ಟ್ ಆದ ಮೇಲೆ ಆರಬೇಕು. ಹತ್ತುವ ದೀಪಕ್ಕಿಂತ, ಹತ್ತಬೇಕಾದಾಗಲೂ ಹತ್ತದ ದೀಪ ಹೆಚ್ಚು ಅಪಾಯ.

ಬಂಧುಗಳೇ, ಇಂಥ ಊರುಗಳನ್ನು ನಾವು ನೋಡಿಲ್ಲವೇ? "ನಮ್ಮೂರಲ್ಲಿ ಜಾತಿ ಗಲಾಟೆಯೇ ಇಲ್ಲ, ಎಲ್ಲರೂ ಅಣ್ಣತಮ್ಮಂದಿರ ಹಾಗಿದ್ದೇವೆ" ಎನ್ನುತ್ತಾರೆ. ಹೋಟೆಲಿನಲ್ಲಿ ಲೋಟ ಬೇರೆ, ಕ್ಷೌರದಂಗಡಿಯ ಬಾಗಿಲು ನಮಗಿಲ್ಲ, ಗುಡಿಯ ಕಟ್ಟೆ ಏರುವಂತಿಲ್ಲ. ಗಲಾಟೆ ಇಲ್ಲ, ನಿಜ. ದೂರು ಕೊಡುವ ಧೈರ್ಯ ಯಾರಿಗೂ ಇಲ್ಲದಿರುವುದರಿಂದ ಗಲಾಟೆ ಇಲ್ಲ. ಒಬ್ಬ ಹುಡುಗ ಪ್ರಶ್ನೆ ಕೇಳಿದರೆ, "ನೀನೇ ಊರಿಗೆ ಜಾತಿ ತಂದೆ" ಎಂಬ ಆರೋಪ ಅವನ ಮೇಲೆ ಬರುತ್ತದೆ. ದೀಪ ಹತ್ತಿದ್ದರಿಂದಲೇ ಇಂಜಿನ್ ಕೆಟ್ಟಿತು ಎಂದ ಹಾಗಾಯಿತು.

1936ರಲ್ಲಿ ಬಾಬಾಸಾಹೇಬರಿಗೆ ಆದದ್ದೂ ಇದೇ. ಜಾತಿ ಒಡೆಯಬೇಕೆಂದೇ ಹುಟ್ಟಿಕೊಂಡ ಲಾಹೋರಿನ ಜಾತ್-ಪಾತ್ ತೋಡಕ್ ಮಂಡಲ ಅವರನ್ನು ಅಧ್ಯಕ್ಷತೆಗೆ ಕರೆದಿತ್ತು. ಭಾಷಣ ಓದಿದ ಮೇಲೆ ಅದರ ಕೆಲವು ಮಾತು ಅವರಿಗೆ ಸಹಿಸಲಾಗಲಿಲ್ಲ; ಬದಲಾಯಿಸಿ ಎಂದರು. ಬಾಬಾಸಾಹೇಬರು ಒಪ್ಪಲಿಲ್ಲ. ಸಭೆ ರದ್ದಾಯಿತು. ಅವರು ಆ ಭಾಷಣವನ್ನು ತಾವೇ ಅಚ್ಚು ಹಾಕಿಸಿದರು. ಅದೇ 'ಜಾತಿ ವಿನಾಶ'.

ಆ ಪುಸ್ತಕದಲ್ಲಿ ಇನ್ನೊಂದು ಪಾಠವೂ ಇದೆ. ಅದಕ್ಕೆ ಮತ್ತೆ ಗ್ಯಾರೇಜಿಗೆ ಬರಬೇಕು.

ಸ್ಕ್ಯಾನರ್ ತೋರಿಸುವ ಕೋಡ್ ತೀರ್ಪಲ್ಲ, ಸಾಕ್ಷಿ ಮಾತ್ರ. ಪಿ0171 ಎಂಬ ಕೋಡ್ ಬಂದಿದೆ ಎನ್ನಿ. ಇಂಜಿನ್ನಿಗೆ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ ಆಗುತ್ತಿದೆ ಎಂದು ಅದರ ಅರ್ಥ. ಇದನ್ನು ಪತ್ತೆ ಮಾಡಿ ಹೇಳುವುದು ಸೈಲೆನ್ಸರ್ ಪೈಪಿನಲ್ಲಿರುವ ಆಕ್ಸಿಜನ್ ಸೆನ್ಸರ್. ಅವಸರದ ಮೆಕ್ಯಾನಿಕ್ ಆ ಸೆನ್ಸರನ್ನೇ ಕಿತ್ತು ಹೊಸದು ಹಾಕಿ, ಸಾವಿರಗಟ್ಟಲೆ ಬಿಲ್ ಮಾಡುತ್ತಾನೆ. ನಿಜ ಹೇಳಿದ ಸಾಕ್ಷಿಗೇ ಶಿಕ್ಷೆ! ದೋಷ ಬೇರೆಲ್ಲೋ ಇರುತ್ತದೆ. ರಬ್ಬರ್ ಪೈಪು ಸೀಳಿ ಅಳತೆಗೆ ಸಿಗದ ಗಾಳಿ ಒಳನುಗ್ಗುತ್ತಿರಬಹುದು, ಪೆಟ್ರೋಲ್ ಫಿಲ್ಟರ್ ಕಟ್ಟಿಕೊಂಡಿರಬಹುದು, ಪಂಪು ಸೋತಿರಬಹುದು. ಸೆನ್ಸರೇ ಕೆಟ್ಟಿರುವುದೂ ಉಂಟು. ಸಾಕ್ಷಿಯನ್ನೂ ಪರೀಕ್ಷೆ ಮಾಡಬೇಕು. ಬಾಯಿಗೆ ಬಟ್ಟೆ ತುರುಕಿದರೆ ಅದು ಪರೀಕ್ಷೆ ಆಗುವುದಿಲ್ಲ.

ಪರೀಕ್ಷೆ ಎಂದರೆ ಹೇಗೆ? ಪಿ0301 ಬಂದರೆ ಒಂದನೇ ಸಿಲಿಂಡರ್ ಸರಿಯಾಗಿ ಉರಿಯುತ್ತಿಲ್ಲ ಎಂದರ್ಥ. ಪ್ರತಿ ಸಿಲಿಂಡರಿಗೂ ಬೇರೆ ಕಾಯಿಲ್ ಇರುವ ಕಾರಾದರೆ, ಒಂದನೆಯದರ ಕಾಯಿಲನ್ನು ಎರಡನೆಯದಕ್ಕೆ ಹಾಕಿ, ಎರಡನೆಯದರದ್ದನ್ನು ಒಂದನೆಯದಕ್ಕೆ ಹಾಕಿ ಓಡಿಸುತ್ತೇನೆ. ಕೋಡ್ ಪಿ0302 ಎಂದು ಬದಲಾದರೆ ದೋಷ ಕಾಯಿಲಿನ ಜೊತೆ ಹೋಯಿತು, ಕಾಯಿಲೇ ಕಾರಣ. ಪಿ0301 ಆಗಿಯೇ ಉಳಿದರೆ ಕಾಯಿಲ್ ನಿರಪರಾಧಿ. ಆಗ ಪ್ಲಗ್, ಇಂಜೆಕ್ಟರ್, ಕಂಪ್ರೆಷನ್ ಒಂದೊಂದಾಗಿ ನೋಡಬೇಕು.

ಭಗವಾನ್ ಬುದ್ಧರ ಪಟಿಚ್ಚಸಮುಪ್ಪಾದ ನನ್ನ ಕೈಗೆ ತಿಳಿದದ್ದು ಈ ಕೆಲಸದಲ್ಲೇ. ಕಾರಣ ಇದ್ದರೆ ಫಲ ಇರುತ್ತದೆ, ಕಾರಣ ತೆಗೆದರೆ ಫಲವೂ ಹೋಗುತ್ತದೆ. ಹೋಗದಿದ್ದರೆ ನಾವು ಹಿಡಿದದ್ದು ಕಾರಣವೇ ಅಲ್ಲ. ಕೇಸಪುತ್ತದ ಕಾಲಾಮರಿಗೆ ಬುದ್ಧರು ಹೇಳಿದ್ದೂ ಇದೇ ದಾರಿ: ಪರಂಪರೆ ಹೇಳಿತೆಂದೋ ಗ್ರಂಥದಲ್ಲಿದೆಯೆಂದೋ ಗುರು ಹೇಳಿದರೆಂದೋ ಒಪ್ಪಬೇಡಿ, ಪರೀಕ್ಷಿಸಿ ತಿಳಿದುಕೊಳ್ಳಿ. ಸ್ಕ್ಯಾನರ್ ಹೇಳಿದ ಮಾತಿಗೂ ಇದೇ ನಿಯಮ.

'ಜಾತಿ ವಿನಾಶ'ದಲ್ಲಿ ಬಾಬಾಸಾಹೇಬರು ಹೀಗೆಯೇ ಹುಡುಕುತ್ತಾ ಹೋಗುತ್ತಾರೆ. ಸಹಭೋಜನ ಮಾಡಿಸಿದರೆ ಸಾಕೇ? ಸಾಲದು. ಅಂತರ್ಜಾತಿ ಮದುವೆ? ಅದು ನಿಜವಾದ ಮದ್ದು, ಆದರೆ ಜನ ಅದಕ್ಕೆ ಏಕೆ ಮುಂದಾಗುವುದಿಲ್ಲ? ಜಾತಿ ಪಾಲಿಸುವ ಮನುಷ್ಯನ ತಲೆಯಲ್ಲಿ ಅದು ಪವಿತ್ರ ಎಂದು ಕೂರಿಸಿದವರು ಯಾರು? ಹುಡುಕಿ ಹುಡುಕಿ ಶಾಸ್ತ್ರಗಳ ಪಾವಿತ್ರ್ಯದ ನಂಬಿಕೆಯ ಮೇಲೆ ಬೆರಳಿಟ್ಟರು. ಲಾಹೋರಿನವರು ಸಹಿಸದೆ ಹೋದದ್ದು ಆ ಬೆರಳನ್ನೇ.

ಕೆಲವು ಮೆಕ್ಯಾನಿಕ್‌ಗಳ ಬಾಯಲ್ಲಿ ಒಂದು ಸುಲಭದ ಉತ್ತರ ಇರುತ್ತದೆ: "ಹಳೇ ಗಾಡಿ ಅಲ್ವಾ ಸಾರ್, ಹಾಗೇ." ಇದನ್ನು ಕೇಳಿದಾಗಲೆಲ್ಲ ನನಗೆ "ನಿಮ್ಮ ಹಣೆಬರಹ, ಹಿಂದಿನ ಜನ್ಮದ ಕರ್ಮ" ಎಂದು ನಮ್ಮ ಅಜ್ಜ ಅಜ್ಜಿಯರಿಗೆ ಹೇಳಿದವರ ನೆನಪಾಗುತ್ತದೆ. ಕಾರಿಗೆ ವಯಸ್ಸಾಗಿದೆ, ಸರಿ. ಆದರೆ ದೀಪ ಹತ್ತಿಸಿದ್ದು ವಯಸ್ಸಲ್ಲ, ಸೀಳಿದ ಪೈಪು. ವಯಸ್ಸನ್ನು ಬದಲಿಸಲಾಗದು, ಪೈಪನ್ನು ಬದಲಿಸಬಹುದು. ಇಂದಿನ ಬಡತನಕ್ಕೆ, ಅವಮಾನಕ್ಕೆ ಹಿಂದಿನ ಜನ್ಮವನ್ನು ಕಾರಣ ಮಾಡುವ ವಾದವನ್ನು ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ತಳ್ಳಿಹಾಕಿದ್ದು ಇದಕ್ಕೇ. ಯಾರೂ ಮುಟ್ಟಲಾಗದ ಕಡೆ ಕಾರಣವನ್ನು ಇಟ್ಟರೆ, ಯಾರೂ ಏನನ್ನೂ ಸರಿಪಡಿಸಬೇಕಾಗಿಲ್ಲ.

ಒಂದು ಎಚ್ಚರಿಕೆ. ಹಳದಿ ದೀಪ ಸುಮ್ಮನೆ ಹತ್ತಿದ್ದರೆ ನಿಧಾನವಾಗಿ ಗ್ಯಾರೇಜಿಗೆ ಹೋಗಬಹುದು. ಆಯಿಲ್ ಪ್ರೆಷರಿನ ಕೆಂಪು ದೀಪ ಹತ್ತಿದರೆ ಅಲ್ಲೇ ಪಕ್ಕಕ್ಕೆ ಹಾಕಿ ಇಂಜಿನ್ ಆಫ್ ಮಾಡಬೇಕು. ಕಾರಣ ಹುಡುಕುವುದು ಆಮೇಲೆ. ಬಾಣ ನಾಟಿದವನಿಗೆ ಮೊದಲು ಬಾಣ ಕೀಳಬೇಕು ಎಂದು ಬುದ್ಧರು ಮಾಲುಂಕ್ಯಪುತ್ತನಿಗೆ ಹೇಳಿದ್ದು ನೆನಪಿರಲಿ. ಪೆಟ್ಟು ತಿಂದು ಬಂದ ಹೆಣ್ಣುಮಗಳಿಗೆ ಮೊದಲು ಆಸರೆ ಕೊಡಬೇಕು, ವಿಚಾರಣೆ ನಂತರ.

ಇಷ್ಟೆಲ್ಲ ಊರಿನವರಿಗೆ ಹೇಳುವುದು ಸುಲಭ. ನಮ್ಮ ಮನೆಯ, ನಮ್ಮ ವಿಹಾರದ ದೀಪಗಳ ಗತಿ ಏನು? ಸಭೆಯಲ್ಲಿ ಹೆಣ್ಣುಮಕ್ಕಳು "ನಮಗೆ ಚಾಪೆ ಹಾಸುವ ಕೆಲಸ, ಭಾಷಣ ಮಾತ್ರ ನಿಮ್ಮದೇ?" ಎಂದು ಕೇಳಿದರೆ ನಕ್ಕು ಸುಮ್ಮನಾಗಿಸುತ್ತೇವೆ. ಎಡಗೈ ಬಲಗೈ ಎಂಬ ಭೇದ ನಮ್ಮೊಳಗೂ ಇದೆ ಎಂದು ಒಬ್ಬ ತಮ್ಮ ಎದ್ದು ನಿಂತರೆ, "ಈಗ ಅದನ್ನೆಲ್ಲ ಎತ್ತಬೇಡಪ್ಪ, ಒಗ್ಗಟ್ಟು ಒಡೆಯುತ್ತದೆ" ಎನ್ನುತ್ತೇವೆ. ಒಗ್ಗಟ್ಟು ಒಡೆಯುವುದು ಭೇದದಿಂದ, ಅದನ್ನು ಹೇಳಿದವನಿಂದಲ್ಲ. 22 ಪ್ರತಿಜ್ಞೆ ಸ್ವೀಕರಿಸಿದ ನಾವು ಇದನ್ನು ಮರೆತರೆ, ದೀಪದ ಸಂಪರ್ಕ ತೆಗೆದು ಕಾರು ಮಾರುವವನಿಗೂ ನಮಗೂ ಏನು ವ್ಯತ್ಯಾಸ?

ಇಂದಿನ ಅಭ್ಯಾಸ: ಈ ದಿನ ಯಾರಾದರೂ ನಿಮ್ಮ ಮುಂದೆ ನೋವು ಹೇಳಿಕೊಂಡರೆ, ಉತ್ತರ ಕೊಡುವ ಮುಂಚೆ ಮೂರು ಪ್ರಶ್ನೆ ಕೇಳಿಕೊಳ್ಳಿ. ಇವರನ್ನು ಪೂರ್ತಿ ಹೇಳಲು ಬಿಟ್ಟೆನೇ? ಇವರ ನೋವಿನ ಕಾರಣವನ್ನು ಪರೀಕ್ಷಿಸಿದೆನೇ, ಊಹಿಸಿದೆನೇ? ಆ ಕಾರಣದಲ್ಲಿ ನಾನು ಬದಲಿಸಬಹುದಾದ ಪೈಪು ಯಾವುದು?

ಸರ್ವರಿಗೂ ಮಂಗಳವಾಗಲಿ.

ನಮೋ ಬುದ್ಧಾಯ. ಜೈ ಭೀಮ್.