ವಿಷುವತ್ ಪುಣ್ಯಕಾಲ

ಭಾಗವತದ ಪಂಚಮಸ್ಕಂಧದ ಪ್ರವಚನವು ಮಂಗಳವಾಗುತ್ತಿದ್ದಂತೆ, ಕಾಲೇಜಿನಲ್ಲಿ ಓದುವ ವಟುವೊಬ್ಬನು ನಮ್ಮನ್ನು ಕೇಳಿದನು: “ಆಚಾರ್ಯರೇ, ಸೂರ್ಯನು ಮೇಷ ತುಲಾ ರಾಶಿಗಳಲ್ಲಿರುವಾಗ ಹಗಲಿರುಳು ಸಮವೆಂದು ಹೇಳಿದಿರಿ. ಪಂಚಾಂಗದ ಮೇಷ ಸಂಕ್ರಮಣವು ಏಪ್ರಿಲ್ 14ರ ಸುಮಾರಿಗೆ. ಅಂದು ನಮ್ಮ ಉಡುಪಿಯಲ್ಲಿ ಹಗಲು 12 ಗಂಟೆಗಿಂತ ಸುಮಾರು 25 ನಿಮಿಷ ಉದ್ದ. ತಪ್ಪಿದುದು ಪುರಾಣವೋ, ಪಂಚಾಂಗವೋ?”

ಹಿರಿಯರೊಬ್ಬರು ಗದರಿಸಹೋದರು, ನಾವು ತಡೆದೆವು. ಜಿಜ್ಞಾಸೆಯಿಂದಲೇ ಶಾಸ್ತ್ರವನ್ನಾರಂಭಿಸುವ ನಾವು ಪ್ರಶ್ನೆಗೆ ಅಂಜಲಾಗದು.

ಭೂಮಿಯ ಅಕ್ಷವು ಸುಮಾರು 23.4 ಅಂಶ ವಾಲಿದೆ. ವಾಲಿದ ದಿಕ್ಕನ್ನು ಬಿಡದೆಯೇ ಭೂಮಿಯು ಸೂರ್ಯನನ್ನು ಸುತ್ತುವುದರಿಂದ, ಅರ್ಧವರ್ಷ ಉತ್ತರಭಾಗವೂ ಅರ್ಧವರ್ಷ ದಕ್ಷಿಣಭಾಗವೂ ಅವನೆಡೆಗೆ ಬಾಗಿರುತ್ತವೆ. ಇವೆರಡರ ಸಂಧಿಯೇ ವಿಷುವ. ಮಾರ್ಚ್ 20 ಅಥವಾ 21ರಂದು ಸೂರ್ಯನು ವಿಷುವದ್ವೃತ್ತವನ್ನು ದಾಟಿ ಉತ್ತರಕ್ಕೆ ಬರುವುದು ವಸಂತವಿಷುವ. ಅಂದು ಅವನು ನೇರ ಪೂರ್ವದಲ್ಲಿಯೇ ಉದಯಿಸುತ್ತಾನೆ. ಅಂಗಳದಲ್ಲಿ 12 ಅಂಗುಲದ ಶಂಕುವನ್ನು ನೆಟ್ಟರೆ, ನೆರಳಿನ ತುದಿಯು ಪೂರ್ವಪಶ್ಚಿಮವಾಗಿ ನೆಟ್ಟನೆಯ ಗೆರೆಯಲ್ಲಿ ಸಾಗುವುದು. ಉಡುಪಿಯಲ್ಲಿ ಅಂದಿನ ನಡುಹಗಲ ನೆರಳು ಸುಮಾರು 2.8 ಅಂಗುಲ. ನಮ್ಮ ಜ್ಯೋತಿಷಿಗಳು ಪಲಭೆಯೆಂದು ಕರೆದು ಊರಿನ ಅಕ್ಷಾಂಶವನ್ನು ಕಂಡುಕೊಂಡುದು ಇದರಿಂದಲೇ. (ಹಗಲಿರುಳು ಸಮವೆಂಬುದೂ ಸ್ಥೂಲದೃಷ್ಟಿಯ ಮಾತು. ವಾಯುಮಂಡಲವು ಕಿರಣಗಳನ್ನು ಬಾಗಿಸುವುದರಿಂದಲೂ, ಬಿಂಬದ ಮೇಲಂಚು ಕಂಡೊಡನೆ ಉದಯವೆನ್ನುವುದರಿಂದಲೂ ಅಂದು ಹಗಲು ಕೆಲವು ನಿಮಿಷ ಹೆಚ್ಚೇ.)

ಹಾಗಾದರೆ ಸಂಕ್ರಮಣವೇಕೆ ತಡ? ಭೂಮಿಯ ಉಬ್ಬಿದ ನಡುವನ್ನು ಸೂರ್ಯಚಂದ್ರರು ಸೆಳೆಯುವುದರಿಂದ ಅಕ್ಷವು ಬುಗುರಿಯಂತೆ ತೊನೆದು, ಸುಮಾರು 26,000 ವರ್ಷಗಳಿಗೊಂದು ಸುತ್ತು ಬರುತ್ತದೆ. ವಿಷುವಬಿಂದುವು ಸುಮಾರು 72 ವರ್ಷಕ್ಕೊಂದು ಅಂಶದಂತೆ ನಕ್ಷತ್ರಗಳ ನಡುವೆ ಹಿಂದೆ ಸರಿಯುತ್ತದೆ. ಆ ಅಂತರವೇ ಅಯನಾಂಶ. ಈಗ ಅದು 24 ಅಂಶಗಳನ್ನು ಮೀರಿದೆ. ಅಯನಬಿಂದುಗಳು ಸರಿದಿರುವುದನ್ನು ವರಾಹಮಿಹಿರನೇ ಗುರುತಿಸಿದ್ದನು. ಪುರಾಣವು ವಿಷುವದಿಂದ ತೊಡಗುವ ಮೇಷವನ್ನು ಹೇಳಿದೆ, ಪಂಚಾಂಗವು ನಕ್ಷತ್ರಗಳಿಂದ ಎಣಿಸಿದ ಮೇಷವನ್ನು ಎಂದು ನಾವು ತಿಳಿಯುತ್ತೇವೆ. 1957ರಲ್ಲಿ ಸರಕಾರವು ರಾಷ್ಟ್ರೀಯ ಪಂಚಾಂಗದ ಚೈತ್ರವನ್ನು ಮಾರ್ಚ್ 22ಕ್ಕೆ ತೊಡಗಿಸಿತಾದರೂ ನಮ್ಮ ಮನೆಗಳಲ್ಲಿ ಅದು ನೆಲೆಯೂರಲಿಲ್ಲ.

“ಹಾಗಾದರೆ ಬಿಸುಕಣಿಯನ್ನು ಮಾರ್ಚಿನಲ್ಲಿಯೇ ಇಡೋಣವೇ?” ಎಂದನು ವಟು. ಬೇಡವೆಂದೆವು, ಕಣಿ, ಪಾನಕದಾನಗಳು ಹಿರಿಯರು ನಡೆಸಿದ ದಿನವೇ ಆಗಲಿ. ಆದರೆ ವಿಷುವದಂದೂ ಸೂರ್ಯಾಂತರ್ಗತ ನಾರಾಯಣನಿಗೆ ಅರ್ಘ್ಯವೀಯಲು ಅಡ್ಡಿಯೇನು? ಅಕ್ಷದ ವಾಲುವಿಕೆಯನ್ನು ತಿಳಿದ ಮಾತ್ರಕ್ಕೆ ಅದರ ನಿಯಾಮಕನು ಇಲ್ಲವಾಗುವುದಿಲ್ಲವಷ್ಟೇ.

ಬರುವ ಮಾರ್ಚ್ 20ರಂದು ದೇವಾಲಯದ ಹೊರಪ್ರಾಕಾರದಲ್ಲಿ ಶಂಕುವನ್ನು ನೆಡಲಿದ್ದೇವೆ. ನಡುಹಗಲ ನೆರಳು ಬೀಳುವುದು 12 ಗಂಟೆ 38 ನಿಮಿಷದ ಸುಮಾರಿಗೆ. ಮಕ್ಕಳನ್ನು ತಪ್ಪದೆ ಕರೆತರಬೇಕು. ಅಳತೆಗೋಲನ್ನು ಆ ವಟುವೇ ತರುವನಂತೆ.