ಯಾರ ಅಳತೆಗೆ ಯಾರ ಸ್ವಭಾವ?

ಮನುಷ್ಯನ ಸ್ವಭಾವದಲ್ಲಿ ಯಾವುದು ಕಾಯಿಲೆ ಎಂಬ ಪ್ರಶ್ನೆ 2012ರ ಡಿಸೆಂಬರಿನಲ್ಲಿ ಒಂದು ಸಭೆಯ ತೀರ್ಮಾನಕ್ಕೆ ಬಂತು. ಅಮೆರಿಕದ ಮನೋವೈದ್ಯರ ಸಂಘ ತನ್ನ ರೋಗಪಟ್ಟಿಯ ಐದನೆಯ ಆವೃತ್ತಿಯಾದ ಡಿಎಸ್‌ಎಂ-5ಕ್ಕೆ ಅಂತಿಮ ರೂಪ ಕೊಡುತ್ತಿತ್ತು. ವ್ಯಕ್ತಿತ್ವ ದೋಷಗಳ ಅಧ್ಯಾಯವನ್ನು ಬುಡದಿಂದ ಬದಲಿಸಬೇಕೆಂದು ತಜ್ಞರ ತಂಡ ವರ್ಷಗಟ್ಟಲೆ ದುಡಿದು ಹೊಸ ಮಾದರಿಯೊಂದನ್ನು ಸಿದ್ಧಪಡಿಸಿತ್ತು. ತಂಡದೊಳಗೇ ಒಮ್ಮತವಿರಲಿಲ್ಲ. ಜಾನ್ ಲೈವ್ಸ್ಲಿ ಮತ್ತು ರೋಲ್ ವೆರ್‌ಹ್ಯೂಲ್ ಅದೇ ವರ್ಷ ರಾಜೀನಾಮೆ ಕೊಟ್ಟು ಹೊರನಡೆದಿದ್ದರು. ಅದಕ್ಕೂ ಮುಂಚೆ, 2010ರ ಕರಡಿನಲ್ಲಿ ಆತ್ಮರತಿಯ ದೋಷವನ್ನು ಪಟ್ಟಿಯಿಂದಲೇ ಕೈಬಿಟ್ಟು, ಆಕ್ಷೇಪಣೆಗಳು ಬಂದಮೇಲೆ ಮತ್ತೆ ಸೇರಿಸಿಕೊಂಡಿದ್ದರು. (ತನ್ನನ್ನು ಬಿಟ್ಟರೆಂದು ಗಲಾಟೆಯಾಗುವುದು ಆ ದೋಷಕ್ಕೆ ತಕ್ಕುದೇ ಬಿಡಿ.) ಕೊನೆಗೆ ಟ್ರಸ್ಟಿಗಳು ಹೊಸ ಮಾದರಿಯನ್ನು ಒಪ್ಪದೆ ಹಳೆಯ ಹತ್ತು ಬಗೆಗಳನ್ನೇ ಉಳಿಸಿಕೊಂಡರು. ಒಪ್ಪದ್ದನ್ನು ಬಿಸಾಡಲೂ ಇಲ್ಲ, ಅದೇ ಪುಸ್ತಕದ ಹಿಂಭಾಗದಲ್ಲಿ ಅಚ್ಚು ಹಾಕಿಸಿದರು. ಹೀಗೆ 2013ರಿಂದ ಒಂದೇ ಗ್ರಂಥದಲ್ಲಿ ಒಂದೇ ಸಂಗತಿಗೆ ಎರಡು ವಿವರಣೆಗಳಿವೆ.

ಇಷ್ಟು ಕೇಳಿದರೆ ಸಾಕು, ಮನೋವೈದ್ಯವೇ ಬುರುಡೆ ಎನ್ನುವವರಿದ್ದಾರೆ. ನಾನು ಹಾಗೆನ್ನಲಾರೆ. ಜಗಳ ಹುಟ್ಟಿದ್ದು ನಿಜವಾದ ಕಷ್ಟದಿಂದ. ಬಾರ್ಡರ್‌ಲೈನ್ ಎಂಬ ಬಗೆಯನ್ನೇ ನೋಡಿ. ಅದಕ್ಕೆ ಒಂಬತ್ತು ಲಕ್ಷಣಗಳು, ಐದಿದ್ದರೆ ರೋಗನಿರ್ಣಯ. ಒಬ್ಬಾಕೆಗೆ ತನ್ನನ್ನು ಎಲ್ಲರೂ ತೊರೆದುಬಿಡುತ್ತಾರೆಂಬ ಭಯ, ನಿಲ್ಲದ ಸಂಬಂಧಗಳು, ತಾನು ಯಾರೆಂಬ ಗೊಂದಲ, ಒತ್ತಡ ಬಂದಾಗ ಸುತ್ತಲಿನವರ ಮೇಲೆ ಸಂಶಯ, ಒಳಗೆಲ್ಲ ಖಾಲಿ ಖಾಲಿ ಎಂಬ ಭಾವ. ಇನ್ನೊಬ್ಬನಿಗೆ ದುಡುಕು, ತಡೆಯಲಾಗದ ಸಿಟ್ಟು, ಗಳಿಗೆಗೊಂದು ಮನಸ್ಸು, ತನ್ನ ಮೈಗೆ ತಾನೇ ಗಾಯ ಮಾಡಿಕೊಳ್ಳುವುದು, ಮತ್ತು ಅದೇ ಖಾಲಿತನ. ಇಬ್ಬರ ಕಡತದಲ್ಲೂ ಹೆಸರು ಒಂದೇ, ಇಬ್ಬರಿಗೂ ಸಮನಾಗಿರುವುದು ಒಂದೇ ಒಂದು ಲಕ್ಷಣ. ಒಂಬತ್ತರಲ್ಲಿ ಐದು ಅಥವಾ ಅದಕ್ಕಿಂತ ಹೆಚ್ಚನ್ನು ಆಯುವ ದಾರಿಗಳು ಲೆಕ್ಕ ಹಾಕಿದರೆ 256. ನಾಲ್ಕು ಲಕ್ಷಣವಿದ್ದವನು ಆರೋಗ್ಯವಂತ, ಐದಿದ್ದವನು ರೋಗಿ ಎಂಬುದಕ್ಕೂ ಗಟ್ಟಿ ಕಾರಣವಿಲ್ಲ.

ಸ್ವಭಾವವನ್ನು ಅಳೆಯುವ ಮನಶ್ಶಾಸ್ತ್ರಜ್ಞರು ಬೇರೆ ದಾರಿಯಿಂದ ಬಂದು ಇದೇ ಗೋಡೆಗೆ ಮುಟ್ಟಿದ್ದರು. 1936ರಲ್ಲಿ ಗಾರ್ಡನ್ ಆಲ್‌ಪೋರ್ಟ್ ಮತ್ತು ಹೆನ್ರಿ ಓಡ್‌ಬರ್ಟ್ ಇಂಗ್ಲಿಷ್ ನಿಘಂಟನ್ನು ಜಾಲಾಡಿ ಮನುಷ್ಯರನ್ನು ಬಣ್ಣಿಸುವ 17,953 ಪದಗಳನ್ನು ಕಲೆಹಾಕಿದರು. ಆ ರಾಶಿಯನ್ನು ಸೋಸುತ್ತ ಹೋದವರು ದಶಕಗಳ ನಂತರ ಐದು ಗುಣಗಳಿಗೆ ಬಂದು ನಿಂತರು: ಹೊಸದಕ್ಕೆ ತೆರೆದ ಮನಸ್ಸು, ಶಿಸ್ತು, ಬಹಿರ್ಮುಖತೆ, ಹೊಂದಿಕೊಳ್ಳುವ ಗುಣ, ಮನಸ್ಸಿನ ಕಳವಳ. ಈ ಐದರಲ್ಲಿ ಯಾವುದನ್ನು ಅಳೆದರೂ ಜನ ಎರಡು ಗುಂಪಾಗಿ ಒಡೆಯುವುದಿಲ್ಲ. ಹೆಚ್ಚಿನವರು ನಡುವೆ, ಕೆಲವರು ಆಚೆ, ಕೆಲವರು ಈಚೆ. ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಒಪ್ಪಿಕೊಂಡಿತು. 2022ರ ಜನವರಿಯಿಂದ ಜಾರಿಗೆ ಬಂದ ಅದರ ರೋಗಪಟ್ಟಿ ಐಸಿಡಿ-11 ಹಳೆಯ ಬಗೆಗಳನ್ನು ಅಳಿಸಿ, ದೋಷ ಸೌಮ್ಯವೋ ಮಧ್ಯಮವೋ ತೀವ್ರವೋ ಎಂದಷ್ಟೇ ಮೊದಲು ಕೇಳುತ್ತದೆ. ಬಾರ್ಡರ್‌ಲೈನ್ ಒಂದನ್ನು ಮಾತ್ರ ಬೇಕಾದರೆ ಸೇರಿಸುವ ಷರಾದಂತೆ ಉಳಿಸಿಕೊಂಡಿದೆ.

ಬಗೆಯಿಂದ ಪ್ರಮಾಣಕ್ಕೆ ಹೊರಳಿದ್ದು ಸರಿಯೇ. ಆದರೆ ಅಲ್ಲಿಗೆ ಪ್ರಶ್ನೆ ಮುಗಿಯಿತೆಂದು ಶಾಸ್ತ್ರಜ್ಞರು ಭಾವಿಸಿದಂತಿದೆ. ನನ್ನ ತಕರಾರು ಇರುವುದು ಅಲ್ಲಿ. ರಕ್ತದೊತ್ತಡದಲ್ಲೂ ಪ್ರಮಾಣವೇ ಉಂಟು, ಗೆರೆಯನ್ನು ನಾವೇ ಎಳೆದಿದ್ದೇವೆ. ಆದರೆ ಅಲ್ಲಿ ಗೆರೆ ದಾಟಿದರೆ ಏನಾಗುತ್ತದೆಂಬುದನ್ನು ರೋಗಿಯ ಹೃದಯ, ಮೂತ್ರಪಿಂಡಗಳೇ ಹೇಳುತ್ತವೆ, ನೆರೆಮನೆಯವರನ್ನು ಕೇಳಬೇಕಿಲ್ಲ. ವ್ಯಕ್ತಿತ್ವದ ತೀವ್ರತೆಯನ್ನು ಅಳೆಯುವಾಗ ಆ ಮನುಷ್ಯ ತನ್ನೊಳಗೆ ಹೇಗಿದ್ದಾನೆ ಎಂಬುದರ ಜೊತೆಗೆ ಬೇರೆಯವರೊಂದಿಗೆ ಹೇಗಿದ್ದಾನೆ ಎಂಬುದನ್ನೂ ಕೇಳುತ್ತಾರೆ. ಬೇರೆಯವರು ಅಂದರೆ ಯಾರು?

ಮದುವೆಯಾಗಿ ನಾಲ್ಕು ವರ್ಷವಾದ ಸೊಸೆಯೊಬ್ಬಳನ್ನು ಕಲ್ಪಿಸಿಕೊಳ್ಳಿ. ಆಫೀಸಿನಲ್ಲಿ ಅವಳದು ತಣ್ಣನೆಯ ಮಾತು, ತವರಿನಲ್ಲಿ ನಗೆಚಾಟಿಕೆ. ಗಂಡನ ಮನೆಯ ಅಡುಗೆಮನೆಯಲ್ಲಿ ಮಾತ್ರ ದಿನ ಬಿಟ್ಟು ದಿನ ಕೂಗಾಟ, ಪಾತ್ರೆ ಕುಕ್ಕುವುದು, ಆಮೇಲೆ ಬಾಗಿಲು ಹಾಕಿಕೊಂಡು ಅಳು. ವೈದ್ಯರ ಬಳಿಗೆ ಕರೆತಂದವನು ಗಂಡ, ವಿವರ ಹೇಳಿದವರು ಅತ್ತೆ. ಡಿಎಸ್‌ಎಂ ಬಾರ್ಡರ್‌ಲೈನ್ ಲಕ್ಷಣಗಳ ಪಟ್ಟಿಯಲ್ಲಿರುವುದು ಬರೀ ಸಿಟ್ಟಲ್ಲ, ಸಂದರ್ಭಕ್ಕೆ ತಕ್ಕುದಲ್ಲದ ಸಿಟ್ಟು. ತಕ್ಕುದೋ ಅಲ್ಲವೋ ಎಂದು ಹೇಳಬೇಕಾದರೆ ಆ ಅಡುಗೆಮನೆಯ ನಾಲ್ಕು ವರ್ಷದ ಕಥೆ ಗೊತ್ತಿರಬೇಕು. ಹದಿನೈದು ನಿಮಿಷದ ಹೊರರೋಗಿ ವಿಭಾಗದಲ್ಲಿ ಅದು ತಿಳಿಯುವ ಬಗೆ ಹೇಗೆ? ಮನಶ್ಶಾಸ್ತ್ರಜ್ಞ ವಾಲ್ಟರ್ ಮಿಶೆಲ್ 1968ರಲ್ಲೇ ಎಚ್ಚರಿಸಿದ್ದರು: ಒಂದು ಸಂದರ್ಭದಲ್ಲಿ ಕಂಡ ಗುಣದಿಂದ ಇನ್ನೊಂದು ಸಂದರ್ಭದ ನಡವಳಿಕೆಯನ್ನು ಊಹಿಸುವ ಪ್ರಯತ್ನ ಬಹುಪಾಲು ಸೋಲುತ್ತದೆ ಎಂದು. ನಡವಳಿಕೆಯನ್ನು ಸರಾಸರಿ ಮಾಡಿ ನೋಡಿದರೆ ಸ್ವಭಾವ ಉಂಟೇ ಉಂಟು ಎಂದು ಮುಂದಿನ ಸಂಶೋಧಕರು ಅವರಿಗೆ ಉತ್ತರ ಕೊಟ್ಟರು, ಸರಿಯಾಗಿಯೇ ಕೊಟ್ಟರು. ಆದರೆ ಆಸ್ಪತ್ರೆಗೆ ಬರುವ ದೂರು ಸರಾಸರಿಯದಲ್ಲ, ಒಂದು ಮನೆಯದು.

ವೈದ್ಯರೂ ಆ 'ಬೇರೆಯವರ' ಪೈಕಿಯೇ. ಬ್ರಿಟನ್ನಿನಲ್ಲಿ ಸಂಶೋಧಕರಾದ ಲೂಯಿಸ್ ಮತ್ತು ಆ್ಯಪಲ್‌ಬಿ ಒಬ್ಬ ರೋಗಿಯ ವಿವರವನ್ನು ಮನೋವೈದ್ಯರಿಗೆ ಕಳಿಸಿ ಅಭಿಪ್ರಾಯ ಕೇಳಿದರು. ಕೆಲವು ಪ್ರತಿಗಳಲ್ಲಿ, ಹಿಂದೊಮ್ಮೆ ಈತನಿಗೆ ವ್ಯಕ್ತಿತ್ವ ದೋಷವೆಂದು ಬರೆದಿದ್ದರು ಎಂಬ ಮಾತು ಸೇರಿತ್ತು. ಅಷ್ಟಕ್ಕೇ ಆ ರೋಗಿ ತಲೆನೋವಿನವನಾದ, ಗಮನ ಸೆಳೆಯಲು ಆಡುವವನಾದ, ಸಹಾನುಭೂತಿಗೆ ಅಷ್ಟಾಗಿ ಅರ್ಹನಲ್ಲದವನಾದ. 1988ರಲ್ಲಿ ಪ್ರಕಟವಾದ ಆ ಪ್ರಬಂಧದ ಶೀರ್ಷಿಕೆಯಲ್ಲೇ ಮನೋವೈದ್ಯರಿಗೆ ಇಷ್ಟವಾಗದ ರೋಗಿಗಳು ಎಂಬ ಮಾತಿದೆ.

ಹಾಗಾದರೆ ಹೆಸರುಗಳನ್ನೆಲ್ಲ ಕಿತ್ತುಹಾಕೋಣವೇ? ಹಾಗೆಂದು ಸಲೀಸಾಗಿ ಹೇಳುವವರು ಮಾರ್ಷಾ ಲಿನೆಹನ್ ಅವರನ್ನು ನೆನೆಯಬೇಕು. ಹರೆಯದಲ್ಲಿ ತನ್ನ ಮೈಯನ್ನೇ ಕೊಯ್ದುಕೊಂಡು, ಸುಟ್ಟುಕೊಂಡು ಕನೆಕ್ಟಿಕಟ್ಟಿನ ಆಸ್ಪತ್ರೆಯಲ್ಲಿ ಎರಡು ವರ್ಷ ಕಳೆದ ಹುಡುಗಿ ಆಕೆ. ಮುಂದೆ ಮನಶ್ಶಾಸ್ತ್ರಜ್ಞೆಯಾಗಿ ಅಂಥವರಿಗೆಂದೇ ಒಂದು ಚಿಕಿತ್ಸೆ ರೂಪಿಸಿದರು. 1991ರಲ್ಲಿ ಅದರ ಮೊದಲ ಪರೀಕ್ಷೆಯ ಫಲಿತಾಂಶ ಹೊರಬಂತು. ತನ್ನ ಹಿಂದಿನ ಕಥೆಯನ್ನು ಬಹಿರಂಗವಾಗಿ ಹೇಳಿದ್ದು 2011ರಲ್ಲಿ. ಆ ಚಿಕಿತ್ಸೆಯನ್ನು ಜನರ ಮೇಲೆ ಪರೀಕ್ಷಿಸಲು ಬಾರ್ಡರ್‌ಲೈನ್ ಎಂಬ ಆ ಸಡಿಲ ಹೆಸರೇ ಆಧಾರವಾಯಿತು. ತನ್ನ ಸಂಕಟಕ್ಕೆ ಒಂದು ಹೆಸರಿದೆ, ಇನ್ನೊಬ್ಬರಿಗೂ ಇದೆ ಎಂದು ತಿಳಿದಾಗ ಆಗುವ ನಿರಾಳವನ್ನು ಹೊರಗಿನವರು ತಳ್ಳಿಹಾಕುವುದು ಸಲ್ಲದು.

ಆದರೆ ಹೆಸರಿಗೆ ಅಂಟಿಕೊಂಡ ನಂಬಿಕೆಯೊಂದಿದೆ: ಹುಟ್ಟುಗುಣ ಸುಟ್ಟರೂ ಹೋಗದು. ಅವಳಿ ಮಕ್ಕಳ ಅಧ್ಯಯನಗಳು ಈ ಗಾದೆಗೆ ಒಂದಿಷ್ಟು ಬೆಂಬಲ ಕೊಡುತ್ತವೆ; ಜನರ ನಡುವಿನ ಸ್ವಭಾವದ ವ್ಯತ್ಯಾಸಗಳಲ್ಲಿ ಸುಮಾರು ಅರ್ಧ ಅನುವಂಶೀಯವೆಂದು ಅವು ಹೇಳುತ್ತವೆ. ಬಾಸ್ಟನ್ ಹತ್ತಿರದ ಮೆಕ್‌ಲೀನ್ ಆಸ್ಪತ್ರೆಯ ಮೇರಿ ಝನಾರಿನಿ ಮಾತ್ರ ಗಾದೆಯನ್ನು ನಂಬದೆ, 290 ಬಾರ್ಡರ್‌ಲೈನ್ ರೋಗಿಗಳನ್ನು ಎರಡೆರಡು ವರ್ಷಕ್ಕೊಮ್ಮೆ ಮಾತನಾಡಿಸುತ್ತ ಹೋದರು. ಹತ್ತು ವರ್ಷದೊಳಗೆ ನೂರಕ್ಕೆ 93 ಮಂದಿಯಲ್ಲಿ ಲಕ್ಷಣಗಳು ಕನಿಷ್ಠ ಎರಡು ವರ್ಷ ರೋಗನಿರ್ಣಯದ ಮಟ್ಟಕ್ಕಿಂತ ಕೆಳಗಿಳಿದಿದ್ದವು. ಲಕ್ಷಣ ಇಳಿದುದರ ಜೊತೆಗೆ ಒಳ್ಳೆಯ ಸಂಬಂಧ, ಪೂರ್ಣಾವಧಿಯ ಕೆಲಸ ಅಥವಾ ಓದು, ಎರಡೂ ದಕ್ಕಿದವರು ಅರ್ಧದಷ್ಟು ಮಾತ್ರ. ಈ ಎರಡು ಅಂಕಿಗಳ ನಡುವಿನ ಅಂತರವನ್ನು ರೋಗಿಯ ಲೆಕ್ಕಕ್ಕೇ ಬರೆಯುವುದು ವಾಡಿಕೆ. ಕೆಲಸ ಕೊಡುವವರೂ ಸಂಬಂಧ ಬೆಳೆಸುವವರೂ ಇನ್ನೊಬ್ಬರಲ್ಲವೇ?

ಜರ್ಮನಿಯ ಮನೋವೈದ್ಯ ಕುರ್ಟ್ ಶ್ನೈಡರ್ 1923ರಲ್ಲಿ ವ್ಯಕ್ತಿತ್ವ ದೋಷಕ್ಕೆ ಕೊಟ್ಟ ವ್ಯಾಖ್ಯೆಯಲ್ಲೇ ಈ ತೊಡಕಿತ್ತು. ತಮ್ಮ ಅಸಹಜ ಸ್ವಭಾವದಿಂದ ತಾವೇ ನರಳುವವರು, ಇಲ್ಲವೇ ಸಮಾಜವನ್ನು ನರಳಿಸುವವರು, ಇಬ್ಬರನ್ನೂ ಆತ ಒಂದೇ ಹೆಸರಿನಡಿ ತಂದ. ಮೊದಲನೆಯದು ವೈದ್ಯನ ಕೆಲಸ. ಎರಡನೆಯದರಲ್ಲಿ ಬಹುಪಾಲು ನೀತಿಯ, ಕಾನೂನಿನ ಕೆಲಸ. ಅದಕ್ಕೆ ಸಾಕ್ಷಿ ಬೇಕು, ಎದುರು ಪಕ್ಷದ ಮಾತು ಕೇಳಬೇಕು. ಎರಡನ್ನೂ ಒಂದೇ ಚೀಟಿಯಲ್ಲಿ ಬರೆಯಬಾರದು ಎಂಬುದೇ ನನ್ನ ವಾದ.

ನಮ್ಮ ಕಾನೂನಿನಲ್ಲಂತೂ ಎರಡೂ ಬೆರೆತುಹೋಗಿವೆ. ಹಿಂದೂ ವಿವಾಹ ಕಾಯ್ದೆಗೆ 1976ರಲ್ಲಿ ಆದ ತಿದ್ದುಪಡಿಯಲ್ಲಿ ವಿಚ್ಛೇದನಕ್ಕೆ ಕಾರಣವಾಗುವ ಮಾನಸಿಕ ಕಾಯಿಲೆಗಳ ಪೈಕಿ 'ಸೈಕೋಪಥಿಕ್' ದೋಷವೂ ಸೇರಿತು. ವಿಪರೀತ ಆಕ್ರಮಣಕಾರಿ ಅಥವಾ ತೀರಾ ಬೇಜವಾಬ್ದಾರಿಯ ನಡತೆ ಎಂಬ ಅದರ ವಿವರಣೆ ಇಂಗ್ಲೆಂಡಿನ 1959ರ ಕಾಯ್ದೆಯಲ್ಲಿದ್ದ ಮಾತು. ಇಂಗ್ಲೆಂಡು 2007ರ ತಿದ್ದುಪಡಿಯಲ್ಲಿ ಅದನ್ನು ಕೈಬಿಟ್ಟಿತು, ನಾವು ಬಿಟ್ಟಿಲ್ಲ. ಇತ್ತ ನಮ್ಮದೇ 2017ರ ಮಾನಸಿಕ ಆರೋಗ್ಯ ಕಾಯ್ದೆ, ಸಮುದಾಯದ ನೈತಿಕ, ಸಾಮಾಜಿಕ ಮೌಲ್ಯಗಳಿಗೆ ಒಬ್ಬರು ಒಗ್ಗಲಿಲ್ಲವೆಂದು ಅವರನ್ನು ಮನೋರೋಗಿ ಎನ್ನಕೂಡದು ಎನ್ನುತ್ತದೆ. ಬರೀ ರೋಗದ ಹೆಸರು ಸಾಲದು, ಪ್ರಮಾಣ ನೋಡಬೇಕೆಂದು ಸುಪ್ರೀಂ ಕೋರ್ಟ್ 1988ರ ರಾಮ್ ನಾರಾಯಣ್ ಗುಪ್ತಾ ಪ್ರಕರಣದಲ್ಲಿ, ಸ್ಕಿಜೋಫ್ರೇನಿಯಾದ ಸಂದರ್ಭದಲ್ಲಿ, ಹೇಳಿದ್ದುಂಟು. ಆದರೆ ಕಾಯ್ದೆಯ ಪ್ರಕಾರ ಪ್ರಮಾಣದ ಒರೆಗಲ್ಲು ಅರ್ಜಿದಾರ ಆ ಸಂಗಾತಿಯೊಂದಿಗೆ ಬಾಳಲು ಸಾಧ್ಯವೇ ಎಂಬುದು. ಆ ಸೊಸೆ ತನ್ನ ಅಳು ನಿಲ್ಲಲೆಂದು ಬರೆಸಿಕೊಂಡು ಬಂದ ಚೀಟಿ, ಗಂಡ ಮನಸ್ಸು ಮಾಡಿದರೆ, ಅವನ ಅರ್ಜಿಗೆ ಲಗತ್ತಾಗಬಹುದು. ಅವಳ ಸಿಟ್ಟು ಎಷ್ಟೆಂದು ಅದರಲ್ಲಿ ಬರೆದಿರುತ್ತದೆ. ಯಾರು ಹೇಳಿದ್ದನ್ನು ಕೇಳಿ ಬರೆದದ್ದೆಂದು ಇರುವುದಿಲ್ಲ.