ರಿಸ್ಟಾರ್ಟ್ ಮಾಡಿದ್ರೆ ಸರಿಹೋಗುತ್ತಾ?

ಹಬ್ಬಕ್ಕೆ ಊರಿಗೆ ಹೋದಾಗಲೂ ಲ್ಯಾಪ್‌ಟಾಪ್ ಬಿಡೋ ಹಾಗಿಲ್ಲ. ಹ್ಯಾಂಡ್‌ಪೋಸ್ಟಿನ ನಮ್ಮ ಮನೆ ಜಗಲಿಯಲ್ಲಿ ಕೂತು ಒಂದು ಪೈಥಾನ್ ಸ್ಕ್ರಿಪ್ಟ್ ಕಾಯ್ತಾ ಇದ್ದೆ. ಸಾಲದ ಕಂತು ಬಾಕಿ ಇರೋರನ್ನ ಡೇಟಾಬೇಸಿನಿಂದ ತೆಗೆದು ಒಬ್ಬೊಬ್ಬರಿಗೂ ಮೆಸೇಜ್ ಕಳಿಸೋದು ಅದರ ಕೆಲಸ. ಶುರುವಿನಲ್ಲಿ 300 ಎಂಬಿ ಮೆಮೊರಿ, ಮೂರು ಗಂಟೆಯಲ್ಲಿ 6 ಜಿಬಿ. ಆಮೇಲೆ ಲಿನಕ್ಸೇ ಅದನ್ನ ಕೊಂದುಹಾಕುತ್ತೆ.

ನಾನು ಮಾಡಿದ್ದ ಉಪಾಯ ನಿಮಗೂ ಗೊತ್ತಿರುತ್ತೆ: ಎರಡು ಗಂಟೆಗೊಮ್ಮೆ ನಾವೇ ಕೊಂದು ಮತ್ತೆ ಎಬ್ಬಿಸೋದು. ಟಿಕೆಟ್ಟಿನಲ್ಲಿ 'ಸರಿಮಾಡಲಾಗಿದೆ' ಅಂತ ಬರೆದು ಮುಚ್ಚಿದ್ದೆ.

ಸಂಜೆ ಪಕ್ಕದ ಮನೆ ದೊಡ್ಡಪ್ಪ ಮೊಬೈಲ್ ಹಿಡ್ಕೊಂಡು ಬಂದ್ರು. ಹೊಗೆಸೊಪ್ಪು ಬೆಳೆಯೋರು. "ನೋಡ್ಲಾ ಮಗಾ, ಕಂತು ಕಟ್ಟು ಅಂತ ಎರಡು ಸಲ ಬಂದದೆ. ಎರಡು ಸಲ ಕಟ್ಬೇಕಾ?"

ಆ ಮೆಸೇಜ್ ನಮ್ಮದಲ್ಲ, ಬೇರೆ ಯಾರದೋ. ಆದರೆ ಹೀಗೂ ಆಗಿರಬಹುದು ಅಂತ ನನಗೆ ತಕ್ಷಣ ಹೊಳೀತು: ಮೆಸೇಜ್ ಹೋಗಿದೆ, 'ಕಳಿಸಿದೆ' ಅಂತ ದಾಖಲಾಗೋ ಮೊದಲೇ ಸ್ಕ್ರಿಪ್ಟ್ ಸತ್ತಿದೆ, ಎದ್ದಮೇಲೆ ಮತ್ತೆ ಕಳಿಸಿದೆ. "ಒಂದೇ ಸಲ ಕಟ್ಟಿ ದೊಡ್ಡಪ್ಪ" ಅಂದೆ. ಎರಡನೇದಕ್ಕೆ ಅಂತ ಅವರಾಗಲೇ ಯಾರ ಹತ್ತಿರವೋ ಕೈಸಾಲ ಕೇಳಿ ಬಂದಿದ್ರು.

ಅವತ್ತು ರಾತ್ರಿ ಹುಡುಕೋಕೆ ಕೂತೆ. ಮೆಮೊರಿ ಶುರುವಲ್ಲೇ ದಿಢೀರಂತ ಏರಿ ನಿಂತ್ರೆ ಇಡೀ ಫಲಿತಾಂಶವನ್ನ ಒಟ್ಟಿಗೆ ತಂದುಕೊಂಡಿರ್ತೀವಿ. ಸ್ವಲ್ಪಸ್ವಲ್ಪವೇ ತರಿಸಿದ್ರೆ ಆಯ್ತು. ನಮ್ಮದು ಹಾಗಲ್ಲ, ಪ್ರತಿ ಸಾವಿರ ಜನಕ್ಕೂ ಒಂದೇ ಸಮ ಏರ್ತಿತ್ತು. ಅಂದ್ರೆ ಕೆಲಸ ಮುಗಿದದ್ದನ್ನೂ ಯಾವುದೋ ಹಿಡ್ಕೊಂಡಿದೆ. ಪೈಥಾನ್ ಕಸ ಗುಡಿಸುತ್ತೆ ನಿಜ, ಆದರೆ ಬಳಕೆಯಲ್ಲಿರೋ ಒಂದು ಹೆಸರು ಅದರತ್ತ ಕೈ ತೋರಿಸ್ತಿದ್ರೂ ಸಾಕು, ಅದರ ಲೆಕ್ಕದಲ್ಲಿ ಅದು ಕಸವಲ್ಲ. (ನಮ್ಮೂರಿನ ಹೆಸರಿನ ಅರ್ಥವೂ ಕೈ ತೋರಿಸೋ ಕಂಬವೇ!) 2014ರ ಪೈಥಾನ್ 3.4ರಿಂದ ಜೊತೆಗೇ ಬರೋ ಟ್ರೇಸ್‌ಮ್ಯಾಲಾಕ್ ಹಾಕಿ, ಹತ್ತು ನಿಮಿಷದ ಅಂತರದಲ್ಲಿ ಎರಡು ಸ್ನ್ಯಾಪ್‌ಶಾಟ್ ತೆಗೆದು ಹೋಲಿಸಿದೆ. ಮೆಮೊರಿ ಹುಟ್ಟುವ ಜಾಗ ಸಿಕ್ತು. ಹಿಡಿದಿಟ್ಟವರು ಯಾರು ಅಂತ ಹಿಂಬಾಲಿಸಿದ್ರೆ ಒಂದು ಲಿಸ್ಟು. ಕೊನೆಯ ವರದಿಗೆ ಬೇಕಾಗಬಹುದು ಅಂತ ಪ್ರತಿಯೊಬ್ಬರ ಪೂರ್ತಿ ವಿವರ ಅದರಲ್ಲಿ. ಬರೆದಿದ್ದು ನಾನೇ, ಗಿಟ್ ಸುಳ್ಳು ಹೇಳಲ್ಲ. ವರದಿಗೆ ಬೇಕಿದ್ದದ್ದು ಬರೀ ಎಣಿಕೆ.

ರಿಸ್ಟಾರ್ಟ್ ಮಾಡೋದು ತಪ್ಪು ಅಂತ ನಾನು ಈಗಲೂ ಅನ್ನಲ್ಲ. ಜ್ವರಕ್ಕೆ ಮಾತ್ರೆ ನುಂಗೋದು ಮೋಸವೇನಲ್ಲ. ಮೋಸ ಇದ್ದದ್ದು 'ಸರಿಮಾಡಲಾಗಿದೆ' ಅನ್ನೋ ಮಾತಲ್ಲಿ. ನನ್ನ ಸಂಜೆ ಉಳೀತು, ಅದರ ಬೆಲೆಯನ್ನ ಮೆಸೇಜ್ ಓದೋ ಯಾರೋ ಕಟ್ಟಿದ್ರು, ಅವರ ಮುಖ ನನಗೆ ಕಾಣಲ್ಲ ಅಷ್ಟೇ.

ಟಿಕೆಟ್ ಮತ್ತೆ ತೆರೆದೆ. ಎರಡೆರಡು ಸಲ ಮೆಸೇಜ್ ಹೋದವರನ್ನ ಲಾಗ್‌ನಿಂದ ಹೆಕ್ಕಿ, ಅವರಿಗೆಲ್ಲ ತಿಳಿಸಬೇಕು ಅಂತ ಬರೆದೆ. ಮ್ಯಾನೇಜರ್ ಫೋನ್ ಮಾಡಿ, "ಈಗ ಸರಿಹೋಯ್ತಲ್ಲ, ಅದನ್ನೆಲ್ಲ ಯಾಕೆ ಬರೆದೆ?" ಅಂದ್ರು. ದೊಡ್ಡಪ್ಪನ ವಿಷಯ ಹೇಳಿದೆ. "ಅದು ನಮ್ಮದಲ್ವಲ್ಲ" ಅಂದ್ರು.